ಕಾವಲಿನ ಹುಲ್ಲೂ ಅದರ ಆಶ್ರಿತರೂ

ಬೆಂಗಳೂರಿನ ಕಡೆಯಿಂದ ಬರುವ ರೈಲುದಾರಿ ಕಡೂರನ್ನು ದಾಟಿ ಬೀರೂರಿನಲ್ಲಿ ಕವಲೊಡೆದು, ಒಂದು ಕವಲು ತರೀಕೆರೆಯ ಮಾರ್ಗವಾಗಿ ಶಿವಮೊಗ್ಗೆಯ ಮಲೆನಾಡಿಗೂ ಮತ್ತೊಂದು ಅಜ್ಜಂಪುರದ ಮಾರ್ಗವಾಗಿ ಚಿಕ್ಕಜಾಜೂರಿನ ಬಯಲುಸೀಮೆಗೂ ಹೊರಟುಹೋಗುವುದನ್ನು ಬಲ್ಲವರು, ಈ ನಾಡಿನ ಪ್ರಕೃತಿಯೂ ಇಲ್ಲಿಯೇ, ಹೀಗೆಯೇ ಕವಲೊಡೆಯುತ್ತದೆಂಬುದನ್ನು ಅಷ್ಟಾಗಿ ಗಮನಿಸಿರಲಾರರು. ಪಡುವಲಿಗೆ ಬಾಬಾಬುಡನ್ ಗಿರಿಶ್ರೇಣಿ ಮೋಡವನ್ನು ತಡೆದು ನಿಲ್ಲಿಸಿಕೊಂಡು ತನ್ನ ಕಾಫಿಯ ತೋಟಗಳನ್ನೂ ಭದ್ರೆಯ ಅರಣ್ಯವನ್ನೂ ತೋಯಿಸುತ್ತದೆ. ಆ ಗಿರಿಗಳ ಬೆನ್ನಿಗಿರುವ ಮೂಡಣ ನೆಲಕ್ಕೆ ಉಳಿದ ಮಳೆ ಮಾತ್ರ ದಕ್ಕುತ್ತದೆ. ಆ ಉಳಿಕೆಯ ಮಳೆಯನ್ನೇ ನಂಬಿ ರಾಗಿಯೂ ಹುರುಳಿಯೂ ಕೆರೆಯ ಕೆಳಗಿನ ತೆಂಗೂ ಬಾಳಿದಂತೆ, ಯಾರೂ ಬಿತ್ತದೆ ಯಾರೂ ನೀರೆರೆಯದೆ ಬಾಳಿದ ಇನ್ನೊಂದು ಬೆಳೆಯುಂಟು, ಅದು ಹುಲ್ಲು. ರೈಲಿನ ಕಿಟಕಿಯಿಂದ ನೋಡುವ ಪಯಣಿಗನಿಗೆ ಆ ಹುಲ್ಲಿನ ಹರವು ಬರಿಯ ಬೀಳಾಗಿ, ಪಾಳಾಗಿ, ಇನ್ನೂ ಉಪಯೋಗಕ್ಕೆ ಬಾರದ ನೆಲವಾಗಿ ತೋರುತ್ತದೆ. ಊರಿನವರು ಅದಕ್ಕೆ ಇಟ್ಟಿರುವ ಹೆಸರು ಕಾವಲು.

ಕಾಯುವುದಕ್ಕೆ ಏನೂ ಇಲ್ಲದಲ್ಲಿ ಕಾವಲೆಂಬ ಹೆಸರು ಹುಟ್ಟದು. ಅಳಿವಿನ ಅಂಚಿಗೆ ಸರಿದ ಪ್ರಾಣಿಗಳ ಆವಾಸವನ್ನು ಮರಳಿ ಕಟ್ಟುವುದು ಹೇಗೆ, ಅವುಗಳ ಸಂತತಿಯನ್ನು ವೃದ್ಧಿಪಡಿಸುವುದು ಹೇಗೆ ಎಂಬ ಪ್ರಶ್ನೆ ಇಂದು ಜಗತ್ತಿನ ನಾನಾ ಭಾಗಗಳಲ್ಲಿ ವಿದ್ವಾಂಸರನ್ನೂ ಸರ್ಕಾರಗಳನ್ನೂ ಕಾಡುತ್ತಿದೆ. ಅದೇ ಪ್ರಶ್ನೆಯನ್ನು ಬೀರೂರು ಸೀಮೆಯ ಈ ಕಾವಲುಗಳಲ್ಲಿ ನಿಂತು ಕೇಳಿದರೆ, ಬೇರೆಡೆಯ ಉತ್ತರಗಳಿಗಿಂತ ಕೊಂಚ ಭಿನ್ನವಾದ, ನನ್ನ ಮಟ್ಟಿಗೆ ಹೆಚ್ಚು ಬೋಧಪ್ರದವಾದ ಉತ್ತರ ದೊರೆಯುತ್ತದೆ. ಕಾರಣವಿಷ್ಟೆ: ಇಲ್ಲಿ ಸಂಕಟಕ್ಕೆ ಸಿಕ್ಕಿರುವುದು ಕಾಡಿನ ಮೃಗ ಮಾತ್ರವಲ್ಲ, ಹಟ್ಟಿಯ ಹಸುವೂ ಹೌದು; ಅವೆರಡಕ್ಕೂ ಆಧಾರವಾದದ್ದು ಒಂದೇ ಹುಲ್ಲು.

ಹಸುವಿನ ಕಥೆಯೇ ಮೊದಲು. ಮೈಸೂರಿನ ಗೆಜೆಟಿಯರನ್ನು ಬರೆದ ರೈಸ್ ಮೊದಲಾದವರು ಹೇಳುವಂತೆ, ವಿಜಯನಗರದ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಹಳ್ಳಿಕಾರ್ ಹಸುಗಳ ಒಂದು ಹಿಂಡು ಕಾಲಕ್ರಮದಲ್ಲಿ ಮೈಸೂರು ಅರಸರ ವಶವಾಯಿತು. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವ ಬೆಣ್ಣೆ ಚಾವಡಿಯೆಂಬ ಇಲಾಖೆಯನ್ನು ಏರ್ಪಡಿಸಿ, ರಾಜ್ಯದ ನಾನಾ ಕಡೆಗಳಲ್ಲಿ ಆ ಹಿಂಡುಗಳಿಗೆಂದು ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಹೈದರನು ಆ ಹೋರಿಗಳ ಕಾಲಿನ ವೇಗವನ್ನೂ ಮೈಯ ಕಸುವನ್ನೂ ಕಂಡು, ಬೆಣ್ಣೆಯನ್ನು ಬಿಟ್ಟು ಫಿರಂಗಿಯ ಬಂಡಿಗೆ ಅವನ್ನು ಹೂಡಿದನು. ಟಿಪ್ಪುವು ಇಲಾಖೆಯ ಹೆಸರನ್ನು ಅಮೃತಮಹಲೆಂದು ಬದಲಿಸಿ, ಹಿಂಡುಗಳ ಪೋಷಣೆಗೆ ಕಟ್ಟುನಿಟ್ಟಾದ ನಿಯಮಗಳನ್ನು ಬರೆಸಿದನು. ಆತನ ಕಾಲಕ್ಕೆ ಕಾವಲುಗಳ ಒಟ್ಟು ವಿಸ್ತೀರ್ಣ ನಾಲ್ಕು ಲಕ್ಷ ಎಕರೆಗೂ ಮಿಕ್ಕಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಇಂಗ್ಲಿಷರ ಕೈಸೇರಿತು, ಅಶ್ರದ್ಧೆಯಿಂದ ಕ್ಷೀಣಿಸಿತು, 1813ರಲ್ಲಿ ಕ್ಯಾಪ್ಟನ್ ಹಾರ್ವೆಯೆಂಬ ಸೇನಾಧಿಕಾರಿಯ ಉಸ್ತುವಾರಿಗೆ ಬಂದು ಮತ್ತೆ ಚೇತರಿಸಿಕೊಂಡಿತು.

ಇದಾದ ಮೇಲಿನ ಒಂದು ಘಟನೆ ನಮ್ಮ ವಿಷಯಕ್ಕೆ ಅತ್ಯಂತ ಪ್ರಸ್ತುತವಾದದ್ದರಿಂದ ಅದನ್ನು ಸ್ವಲ್ಪ ವಿವರಿಸುವೆನು. 1860ರಲ್ಲಿ ಮದರಾಸಿನ ಸರ್ಕಾರವು ಮಿತವ್ಯಯದ ಹೆಸರಿನಲ್ಲಿ ಈ ಇಲಾಖೆಯನ್ನು ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟಿತು. ಒಂದೂವರೆ ಎರಡು ಶತಮಾನಗಳ ಆಯ್ಕೆಯಿಂದ, ಲೇಖನಿಯಲ್ಲಿ ಬರೆದಿಡಲಾಗದಷ್ಟು ಸೂಕ್ಷ್ಮವಾದ ದನಗಾಹಿಗಳ ತಿಳಿವಳಿಕೆಯಿಂದ ರೂಪುಗೊಂಡಿದ್ದ ತಳಿಯು ಲೇಖನಿಯ ಒಂದು ಗೆರೆಯಿಂದ ದಿಕ್ಕುದಿಕ್ಕಿಗೆ ಚದರಿಹೋಯಿತು. ಸೇನೆಗೆ ತಕ್ಕ ಎತ್ತುಗಳು ಸಿಕ್ಕದಾದಾಗ ತಪ್ಪಿನ ಅರಿವಾಗಿ, 1866ರಲ್ಲಿ ಇಲಾಖೆಯನ್ನು ಪುನಃ ತೆರೆದು, ಚದರಿದ್ದ ಸಂತತಿಯಲ್ಲಿ ಸಿಕ್ಕಷ್ಟನ್ನು ಕೊಂಡು ಕೂಡಿಸಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂದಿತು. ಕ್ಷೀಣಿಸಿದ ಸಂತತಿಯನ್ನು ಉಳಿದಷ್ಟರಿಂದ ಮರಳಿ ಎತ್ತುವ ಪ್ರಯತ್ನವು ನಮ್ಮ ನಾಡಿಗೆ ಹೊಸದೆಂದು ತಿಳಿಯುವವರು ಈ ಆರು ವರ್ಷಗಳ ಚರಿತ್ರೆಯನ್ನು ಓದಬೇಕು. ಆಗ ಆ ಕಾರ್ಯ ಕೈಗೂಡಿದ್ದಕ್ಕೆ ಒಂದು ಮುಖ್ಯ ಕಾರಣ, ಹಸುಗಳು ಹೋಗಿದ್ದರೂ ಕಾವಲುಗಳು ಅಂದಿಗೆ ಇನ್ನೂ ಇದ್ದುವೆಂಬುದು. ಮರಳಿ ಬಂದ ಹಿಂಡಿಗೆ ಮೇಯಲು ನೆಲವಿತ್ತು.

ಆ ನೆಲದ ಆಡಳಿತಕ್ರಮವನ್ನು ನೋಡಿದರೆ ಹಿಂದಿನವರ ವಿವೇಕ ವಿಸ್ಮಯವನ್ನುಂಟುಮಾಡುತ್ತದೆ. ಕಾವಲುಗಳಲ್ಲಿ ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆ. ನೀರೂ ಮರದ ನೆರಳೂ ಇರುವ ಕೆರೆಯಂಗಳದ ತಾವುಗಳು ಬೇಸಗೆಗೆ. ಮಿಕ್ಕವು ಆಯಾ ಋತುವಿಗೆ. ಹಿಂಡು ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆಯುತ್ತಲೇ ಇರುತ್ತಿತ್ತು. ಅದು ಬಿಟ್ಟುಹೋದ ನೆಲ ಮಳೆ ಬಿದ್ದು ಚಿಗುರಿ, ತೆನೆಯೊಡೆದು, ಬೀಜ ಉದುರಿಸುವಷ್ಟು ಕಾಲ ವಿಶ್ರಾಂತಿ ಪಡೆಯುತ್ತಿತ್ತು. ಕೊಟ್ಟಿಗೆಯನ್ನೇ ಕಾಣದೆ ಬಯಲಿನಲ್ಲಿಯೇ ಹುಟ್ಟಿ ಬಯಲಿನಲ್ಲಿಯೇ ಬೆಳೆದ ಆ ರಾಸುಗಳಿಗೆ ಅಪರಿಚಿತನನ್ನು ಹತ್ತಿರ ಸೇರಿಸದ ಕಾಡುಸ್ವಭಾವ ಇಂದಿಗೂ ಇದೆ. ಆವಾಸದ ಪುನರುಜ್ಜೀವನವೆಂದು ಇಂದಿನ ಶಾಸ್ತ್ರಜ್ಞರು ಯಾವುದನ್ನು ಕರೆಯುವರೋ ಅದರ ಅರ್ಧಪಾಠ ಈ ಹಳೆಯ ಪಂಚಾಂಗದಲ್ಲಿಯೇ ಇದೆಯೆಂದರೆ ಅತಿಶಯೋಕ್ತಿಯಾಗದು.

ಏಕೆಂದರೆ ಹಸುವಿಗೆಂದು ಕಾಯ್ದ ಹುಲ್ಲಿನಲ್ಲಿ ಹಸುವೊಂದೇ ಬಾಳಲಿಲ್ಲ. ಕೃಷ್ಣಮೃಗಕ್ಕೆ ಬೇಕಾದದ್ದು ದಟ್ಟಡವಿಯಲ್ಲ. ದೂರದವರೆಗೆ ದೃಷ್ಟಿ ಹರಿಯುವ ಬಯಲು. ಅದರ ರಕ್ಷಣೆಯೆಲ್ಲ ಕಣ್ಣಿನಲ್ಲಿಯೂ ಕಾಲಿನಲ್ಲಿಯೂ ಇದೆ; ಪೊದೆ ಬೆಳೆದು ಕಣ್ಣಿಗೆ ಮರೆಯಾದ ಕಡೆ ಅದು ನಿಲ್ಲದು. ಆದರೆ ಅದರ ಮರಿಯ ಸ್ಥಿತಿಯೇ ಬೇರೆ: ಆರು ತಿಂಗಳ ಗರ್ಭದ ಬಳಿಕ ತಾಯಿ ಸಾಮಾನ್ಯವಾಗಿ ಒಂದೇ ಮರಿ ಈದು, ಮೊದಲ ಕೆಲವು ದಿನ ಅದನ್ನು ಎತ್ತರದ ಹುಲ್ಲಿನಲ್ಲಿ ಅಡಗಿಸಿಟ್ಟು ದೂರದಲ್ಲಿ ಮೇಯುತ್ತಿರುತ್ತದೆ. ಹೀಗಾಗಿ ಮೇದು ಕುಳ್ಳಾದ ಹುಲ್ಲೂ ಬೇಕು, ಮೇಯದೆ ನಿಂತ ಹುಲ್ಲೂ ಬೇಕು. ಎರಡೂ ಒಂದೇ ಬಯಲಿನಲ್ಲಿ ಮಗ್ಗುಲುಮಗ್ಗುಲಾಗಿರಬೇಕು. ಹಿಂಡು ನಡೆಯುತ್ತ ಮೇಯುವ ಹಳೆಯ ಪದ್ಧತಿಯಿಂದ ತಾನೇ ತಾನಾಗಿ ಉಂಟಾಗುತ್ತಿದ್ದದ್ದು ಇಂಥ ಚಿತ್ತಾರವೇ. ಆ ಹುಲ್ಲಿನಲ್ಲಿ ನೆಲಗುಬ್ಬಿ, ಲಾವುಗೆ, ಗೌಜಲು ನೆಲದ ಮೇಲೆಯೇ ಗೂಡುಮಾಡುತ್ತವೆ. ಗುಳ್ಳೆನರಿಯೂ ತೋಳವೂ ಬಿಲ ತೋಡುತ್ತವೆ. ಮಧ್ಯ ಏಷ್ಯದ ಬಯಲುಗಳಿಂದ ಚಳಿಗಾಲಕ್ಕೆ ಬರುವ ಸೆಳೆವಗಳೆಂಬ ಬೇಟೆಹಕ್ಕಿಗಳು ದಿನವೆಲ್ಲ ಮಿಡತೆ ಹಿಡಿದು, ಇರುಳಿಗೆ ಮರವೇರದೆ ಹುಲ್ಲಿನ ನಡುವೆ ನೆಲದಲ್ಲಿಯೇ ಗುಂಪುಗೂಡಿ ಮಲಗುತ್ತವೆ. ಮರವೇ ಇಲ್ಲದ ನೆಲದಲ್ಲಿ ಇಷ್ಟು ಸಂಸಾರ ನಡೆಯುವುದೆಂಬುದನ್ನು ಒಪ್ಪಲು ನಮ್ಮ ಮನಸ್ಸು ಹಿಂಜರಿಯುತ್ತದೆ. ವನವೆಂದರೆ ವೃಕ್ಷವೆಂದು ಬಗೆವ ಸಂಸ್ಕಾರ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಈ ಭಾವನೆಯಿಂದ ಆದ ಹಾನಿ ಅಲ್ಪವಲ್ಲ. ಕಂದಾಯದ ಲೆಕ್ಕದಲ್ಲಿ ಖರಾಬು, ಪಾಳು ಎಂದು ಬರೆಯಲ್ಪಟ್ಟ ನೆಲವನ್ನು ಯಾರಿಗೆ ಕೊಟ್ಟರೂ ನಷ್ಟವೆನಿಸಲಿಲ್ಲ. ನಾಲ್ಕು ಲಕ್ಷ ಎಕರೆಯ ಕಾವಲುಗಳಲ್ಲಿ ಇಂದು ಇಲಾಖೆಯ ಲೆಕ್ಕದಲ್ಲಿ ಉಳಿದಿರುವುದು 70,000 ಎಕರೆಗೂ ಕಡಿಮೆ, ಅದರಲ್ಲಿಯೂ ಒತ್ತುವರಿಯುಂಟು. ಸ್ವಾತಂತ್ರ್ಯಾನಂತರದ ಆಹಾರಾಭಾವದ ವರ್ಷಗಳಲ್ಲಿ ಉಳುವ ರೈತನಿಗೆ ಹಂಚಿದ ಭೂಮಿಯನ್ನು ಕುರಿತು ನಾನು ಆಕ್ಷೇಪಿಸಲಾರೆ. ಹಸಿದ ಹೊಟ್ಟೆಯ ಹಕ್ಕು ಮೊದಲನೆಯದು. ಆದರೆ ಇತ್ತೀಚೆಗೆ, 2008ರಿಂದೀಚೆಯ ವರ್ಷಗಳಲ್ಲಿ, ಚಳ್ಳಕೆರೆ ಸೀಮೆಯ ಉಳ್ಳಾರ್ತಿ, ಕುದಾಪುರಗಳ ಕಾವಲುಗಳಲ್ಲಿ ಸಾವಿರಾರು ಎಕರೆಗಳನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಕೊಟ್ಟಾಗ, ಅಲ್ಲಿ ತಲೆಮಾರುಗಳಿಂದ ಕುರಿ ದನ ಮೇಯಿಸುತ್ತಿದ್ದವರು ಗೋಡೆ ಎದ್ದ ಮೇಲೆಯೇ ಎಚ್ಚತ್ತು ಹೋರಾಟಕ್ಕಿಳಿಯಬೇಕಾಯಿತೆಂಬುದು ಖೇದದ ಸಂಗತಿ. ಆ ಸಂಸ್ಥೆಗಳ ಕಾರ್ಯ ದೇಶಕ್ಕೆ ಅಗತ್ಯವಾದದ್ದೇ. ಆದರೂ ಬರಿದೆಂದು ತಿಳಿದು ಕೊಟ್ಟ ನೆಲ ಬರಿದಾಗಿರಲಿಲ್ಲ.

ಬೀರೂರು ಸೀಮೆಯ ಭಾಗ್ಯವೋ, ಇಲ್ಲಿಯ ಕೆಲವು ವನ್ಯಜೀವಿಪ್ರೇಮಿಗಳ ಬಹುವರ್ಷಗಳ ಪರಿಶ್ರಮವೋ, ಒಂದು ಕಾವಲಿಗೆ ಮಾತ್ರ ಬೇರೆಯ ಗತಿಯಾಯಿತು. ಕಡೂರು ತಾಲ್ಲೂಕಿನ ಬಾಸೂರಿನ ಅಮೃತಮಹಲ್ ಕಾವಲು, ಸುಮಾರು ಏಳು ಚದರ ಕಿಲೋಮೀಟರಿನಷ್ಟು ನೆಲ, 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಇದಕ್ಕೆ ನಾಲ್ಕು ವರ್ಷ ಮೊದಲು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಏರ್ಪಟ್ಟಿತ್ತು. ಈ ಮೀಸಲೆಂಬ ವರ್ಗ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ 2002ರಲ್ಲಿ ಬಂದ ತಿದ್ದುಪಡಿಯ ಫಲ. ಅಭಯಾರಣ್ಯದಲ್ಲಿರುವಂತೆ ಇಲ್ಲಿ ಸುತ್ತಲಿನವರನ್ನು ಹೊರಗಿಡುವ ಉದ್ದೇಶವಿಲ್ಲ; ಸರ್ಕಾರಿ ನೆಲವನ್ನು ಅಲ್ಲಿಯ ಜನರೊಡನೆ ಸಮಾಲೋಚಿಸಿ ಘೋಷಿಸಬೇಕು; ಅದರ ಸಮಿತಿಯಲ್ಲಿ ಅರಣ್ಯ ಇಲಾಖೆಯವರೊಂದಿಗೆ ಆ ವ್ಯಾಪ್ತಿಯ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಪ್ರತಿನಿಧಿ, ವನ್ಯಜೀವಿಕಾರ್ಯದಲ್ಲಿ ತೊಡಗಿದ ಸಂಸ್ಥೆಗಳ ಮೂವರು, ಕೃಷಿ ಹಾಗೂ ಪಶುಸಂಗೋಪನೆ ಇಲಾಖೆಗಳಿಂದ ಒಬ್ಬೊಬ್ಬರು ಇರಬೇಕೆಂದು ಕಾನೂನು ವಿಧಿಸುತ್ತದೆ. ದನದ ವೈದ್ಯನೂ ಪಂಚಾಯಿತಿಯ ಸದಸ್ಯನೂ ಅರಣ್ಯಾಧಿಕಾರಿಯೂ ಒಂದೇ ಜಮಖಾನದ ಮೇಲೆ ಕೂತು ಹುಲ್ಲಿನ ವಿಷಯ ಮಾತನಾಡಬೇಕೆಂಬ ಈ ಕಲ್ಪನೆ ಕಾವಲಿಗೆ ಹೇಳಿ ಮಾಡಿಸಿದಂತಿದೆ. ಕಾಗದದ ಮೇಲಿರುವ ಈ ಕೂಟ ನಿಯಮಿತವಾಗಿ ಕಲೆತು ಕೆಲಸ ಮಾಡಬೇಕೆಂಬುದಷ್ಟೇ ನನ್ನ ಕೋರಿಕೆ.

ಇನ್ನು ಕೆಟ್ಟ ಹುಲ್ಲುಗಾವಲನ್ನು ಸರಿಪಡಿಸುವ ಬಗೆ. ಮೊದಲನೆಯ ಪಾಠ, ಏನನ್ನು ಮಾಡಬಾರದೆಂಬುದು. ರಾಣೆಬೆನ್ನೂರಿನ ಬಳಿ 1974ರಲ್ಲಿ ಸುಮಾರು 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಏರ್ಪಟ್ಟಿತು. ಅಲ್ಲಿ ಎರೆಭೂತವೆಂದೂ ದೊರವಾಯನ ಹಕ್ಕಿಯೆಂದೂ ಜನ ಕರೆಯುವ, ಹದಿನೈದು ಕಿಲೋ ತೂಗಬಲ್ಲ ಆ ಮಹಾಪಕ್ಷಿಯೂ ಇತ್ತು. ಆದರೆ ಆ ಬಯಲಿನ ಬಹುಭಾಗವನ್ನು ನೀಲಗಿರಿಯ ನೆಡುತೋಪು ಆವರಿಸಿತ್ತು. ಕೃಷ್ಣಮೃಗವು ತೋಪಿನ ಅಂಚಿನಲ್ಲಿಯೂ ಹೊಲದಲ್ಲಿಯೂ ಹೊಂದಿಕೊಂಡು ಹೆಚ್ಚಿತು. ಬಯಲಲ್ಲದೆ ಬೇರೊಂದನ್ನರಿಯದ ಹಕ್ಕಿ ಅಲ್ಲಿಂದ ಕಾಣೆಯಾಯಿತು. ಒಳ್ಳೆಯ ಮನಸ್ಸಿನಿಂದ ನೆಟ್ಟ ಮರವೂ ಹುಲ್ಲುಗಾವಲಿನಲ್ಲಿ ಕೊಡಲಿಯಷ್ಟೇ ಕ್ರೂರವಾಗಬಲ್ಲದು. ನೀರಿಂಗಿಸುವೆವೆಂದು ಬಯಲಿನಲ್ಲಿ ಸಾಲುಸಾಲಾಗಿ ತೋಡುವ ಕಂದಕಗಳ ವಿಷಯವೂ ಅಂತೆಯೇ. ಶತಮಾನಗಳಿಂದ ಹೆಣೆದುಕೊಂಡ ಹುಲ್ಲಿನ ಬೇರುಗಳನ್ನು ಅವು ಕಡಿದು, ಕಳೆಗಳಿಗೆ ಹದವಾದ ಮಣ್ಣನ್ನು ಮೇಲಕ್ಕೆ ತರುತ್ತವೆ.

ಕಳೆಗಳಲ್ಲಿ ಮುಖ್ಯವಾದದ್ದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಸೌದೆಗೆಂದು ತಂದ ಈ ಮುಳ್ಳುಗಿಡದ ಸಿಹಿಕೋಡನ್ನು ದನವೂ ಕುರಿಯೂ ಆಸೆಯಿಂದ ತಿಂದು, ಜೀರ್ಣವಾಗದ ಬೀಜವನ್ನು ಸಗಣಿ ಹಿಕ್ಕೆಗಳೊಡನೆ ಹೋದಹೋದಲ್ಲಿ ಬಿತ್ತುತ್ತವೆ. ಕಡಿದರೆ ಬುಡದಿಂದ ಹತ್ತು ಕವಲೊಡೆಯುತ್ತದೆ. ಬೇರುಸಮೇತ ಕಿತ್ತರೆ ಮಾತ್ರ ಸಾಯುತ್ತದೆ. ಕಿತ್ತ ಕುಣಿಯನ್ನು ಹಾಗೆಯೇ ಬಿಟ್ಟರೆ ಆ ಸಡಿಲ ಮಣ್ಣಿಗೆ ಲಂಟಾನವೋ ಕಾಂಗ್ರೆಸ್ ಗಿಡವೋ ಮುತ್ತಿಕೊಳ್ಳುತ್ತದೆ. ಆದುದರಿಂದ ಕಿತ್ತಲ್ಲಿ ಮಣ್ಣು ಮುಚ್ಚಿ, ನೆರೆಯ ಒಳ್ಳೆಯ ಕಾವಲಿನಲ್ಲಿ ಮಾಗಿದ ಹುಲ್ಲನ್ನು ಕೊಯ್ದು ತಂದು ಬೀಜ ಉದುರುವಂತೆ ಹಾಸಿ, ಒಂದೆರಡು ಮಳೆಗಾಲ ದನ ನುಗ್ಗದಂತೆ ಕಾದು, ಜಾಲಿಯ ಸಸಿ ತಲೆಯೆತ್ತಿದಲ್ಲೆಲ್ಲ ವರ್ಷವರ್ಷವೂ ಕೀಳುತ್ತಿರಬೇಕು. ಒಂದು ವರ್ಷದ ಅನುದಾನದಲ್ಲಿ ಯಂತ್ರ ತಂದು ಕಿತ್ತು, ಛಾಯಾಚಿತ್ರ ತೆಗೆದು, ಮುಂದಿನ ವರ್ಷ ಮರೆತರೆ ಮೂರನೆಯ ವರ್ಷಕ್ಕೆ ಮೊದಲಿಗಿಂತ ದಟ್ಟವಾದ ಮೆಳೆ ನಿಂತಿರುತ್ತದೆ. ಹುಲ್ಲಿನ ಕೆಲಸವೆಂದರೆ ತೋಟದ ಕೆಲಸದಂತೆ ನಿತ್ಯದ್ದು. ಇನ್ನೊಂದು ಮಾತನ್ನು ಒತ್ತಿಹೇಳಬೇಕು: ಮೇವನ್ನು ಶಾಶ್ವತವಾಗಿ ನಿಷೇಧಿಸುವುದೂ ಪರಿಹಾರವಲ್ಲ. ಎಂದೂ ಮೇಯದ ಹುಲ್ಲು ಒಣಗಿ ಬಿದ್ದು ತನ್ನ ಚಿಗುರನ್ನು ತಾನೇ ಅದುಮುತ್ತದೆ, ಪೊದೆ ಏಳುತ್ತದೆ, ಬೇಸಗೆಯಲ್ಲಿ ಕಿಡಿ ಬಿದ್ದರೆ ಇಡೀ ಬಯಲು ಒಮ್ಮೆಗೇ ಉರಿಯುತ್ತದೆ. ಬಿಡುವೂ ಮೇವೂ ಸರದಿಯಂತೆ ನಡೆಯಬೇಕು. ಇಲ್ಲಿಗೆ ನಾವು ಬೆಣ್ಣೆ ಚಾವಡಿಯ ಪಂಚಾಂಗಕ್ಕೇ ಹಿಂದಿರುಗಿದಂತಾಯಿತು.

ಸಂತತಿವರ್ಧನೆಯ ವಿಷಯದಲ್ಲಿ ಲೋಕದ ಅನುಭವವನ್ನು ನೋಡೋಣ. ಅಳಿದೇಹೋಯಿತೆಂದು ತಿಳಿದಿದ್ದ, 1971ರಲ್ಲಿ ಮತ್ತೆ ಕಣ್ಣಿಗೆ ಬಿದ್ದ ಅಸ್ಸಾಮಿನ ಕುಬ್ಜಹಂದಿಯನ್ನು, 1996ರಲ್ಲಿ ಹಿಡಿದ ಆರೇ ಪ್ರಾಣಿಗಳಿಂದ ಬಂಧನದಲ್ಲಿ ವೃದ್ಧಿಪಡಿಸಿ, 2008ರಿಂದ ಎತ್ತರದ ಹುಲ್ಲಿನ ನೆಲಗಳಿಗೆ ಬಿಡಲಾಯಿತು. ಬಿಡುವ ಮೊದಲು ಆ ಹುಲ್ಲಿಗೆ ವರ್ಷವರ್ಷ ಬೆಂಕಿಯಿಡುವುದನ್ನು ತಡೆಯಬೇಕಾಯಿತು. ರಣಹದ್ದುಗಳನ್ನು ಹರಿಯಾಣದ ಪಿಂಜೋರಿನಲ್ಲಿ ಸಾಕಿ ಬೆಳೆಸುತ್ತಿದ್ದಾರೆ. ಆದರೆ ಅವುಗಳನ್ನು ಕೊಂದ ವಿಷ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ. 2006ರಲ್ಲಿ ಅದರ ಪಶುಬಳಕೆಯನ್ನು ನಿಷೇಧಿಸದೆ ಇದ್ದಿದ್ದರೆ ಸಾಕಿದ ಹದ್ದನ್ನು ಆಕಾಶಕ್ಕೆ ಬಿಡುವುದೆಂದರೆ ಸಾವಿಗೆ ಬಿಟ್ಟಂತೆ. ದೊರವಾಯನ ಹಕ್ಕಿ ದೇಶದಲ್ಲೆಲ್ಲ ಸೇರಿ ನೂರೈವತ್ತರ ಆಸುಪಾಸಿಗೆ ಇಳಿದ ಮೇಲೆ, 2019ರಿಂದ ರಾಜಸ್ಥಾನದ ಜೈಸಲ್ಮೇರಿನ ಮರುಭೂಮಿಯಿಂದ ಮೊಟ್ಟೆಗಳನ್ನು ತಂದು ಕೃತಕವಾಗಿ ಮರಿಮಾಡಿಸುತ್ತಿದ್ದಾರೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿಯಾಯಿತು. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಹಕ್ಕಿಗೆ ಇದು ಕೊನೆಯ ಆಸರೆ. ಆ ವಿಜ್ಞಾನಿಗಳ ಸಾಹಸಕ್ಕೆ ನಾನು ತಲೆಬಾಗುವೆನು. ನಮ್ಮ ರಾಜ್ಯದಲ್ಲಿ ಆ ಹಕ್ಕಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಗೆ ಬಂದು ನಿಂತಿದೆ. ಜೈಸಲ್ಮೇರಿನ ಮರಿಗಳ ಸಂತಾನ ಒಂದು ದಿನ ದಕ್ಷಿಣಕ್ಕೆ ಬರುವುದಾದರೆ ಇಳಿಯಲು ಅವಕ್ಕೆ ಬಯಲು ಬೇಕಷ್ಟೆ.

ಕೃಷ್ಣಮೃಗದ ಮಟ್ಟಿಗೆ ಪಂಜರವೂ ಬೇಕಿಲ್ಲ, ಪ್ರಯೋಗಶಾಲೆಯೂ ಬೇಕಿಲ್ಲ. ನೆಲ ನೆಟ್ಟಗಿದ್ದರೆ ಅದು ತಾನಾಗಿ ಹೆಚ್ಚುತ್ತದೆ. ಅದಕ್ಕಿರುವ ತೊಡಕುಗಳು ಬೇರೆ. ಊರಿನ ಬೀದಿನಾಯಿಗಳು ಗುಂಪುಕಟ್ಟಿ ಬಂದು ಹುಲ್ಲಿನಲ್ಲಿ ಅಡಗಿದ ಮರಿಗಳನ್ನು ಹಿಡಿಯುತ್ತವೆ; ತಮ್ಮ ರೋಗಗಳನ್ನು ನರಿ ತೋಳಗಳಿಗೂ ಅಂಟಿಸುತ್ತವೆ. ಬಾಸೂರಿನಂತಹ ಸಣ್ಣ ಮೀಸಲು ಹೊಲ ತೋಟ ಹೆದ್ದಾರಿಗಳ ನಡುವೆ ದ್ವೀಪದಂತೆ ಉಳಿದರೆ, ಅಲ್ಲಿಯ ಗುಂಪು ಇನ್ನೊಂದು ಕಾವಲಿನ ಗುಂಪಿನೊಡನೆ ಬೆರೆಯಲಾರದೆ ರಕ್ತಸಂಬಂಧದಲ್ಲಿಯೇ ಸಂತಾನ ಬೆಳೆಸಿ ಸೊರಗಬಹುದು. ಆದುದರಿಂದ ಒಂದು ಕಾವಲನ್ನು ಉಳಿಸಿದರೆ ಸಾಲದು. ನಡುವಣ ಬೀಳುಗಳನ್ನೂ ಕೆರೆಯಂಗಳಗಳನ್ನೂ ಬೇಲಿಯಿಲ್ಲದೆ ಬಿಡಬೇಕು.

ಅಮೃತಮಹಲ್ ತಳಿಯ ವಿಷಯ ಇದಕ್ಕಿಂತ ತೊಡಕಾದದ್ದು, ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದೂ ಹೌದು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರವೂ ಬೀರೂರು ಮೊದಲಾದ ಕಡೆಯ ಅದರ ಶಾಖೆಗಳೂ ಆ ಹಿಂಡಿನ ಶುದ್ಧ ಸಂತತಿಯನ್ನು ಕಾಪಾಡಿಕೊಂಡು ಬಂದಿವೆ. ಉತ್ತಮ ಬೀಜದ ಹೋರಿಗಳನ್ನು ಉಳಿಸಿಕೊಂಡು, ಮಿಕ್ಕ ಗಂಡುಕರುಗಳನ್ನು ಹರಾಜಿನಲ್ಲಿ ರೈತರಿಗೆ ಕೊಡುತ್ತಾರೆ. ದಾವಣಗೆರೆ, ಹಾವೇರಿಗಳಷ್ಟು ದೂರದಿಂದ ಬಂದ ರೈತರು ಕರುವಿನ ಕೊಂಬಿನ ಮಟ್ಟವನ್ನೂ ಗೊರಸಿನ ಬಿಗಿಯನ್ನೂ ನೋಡುವ ನೋಟದಲ್ಲಿ, ಯಾವ ಪುಸ್ತಕದಲ್ಲಿಯೂ ಸಿಕ್ಕದ ಪಾಂಡಿತ್ಯವಿದೆ. ಆದರೆ ಹೂಡುವ ಎತ್ತಿನ ಕೆಲಸವನ್ನು ಟ್ರ್ಯಾಕ್ಟರು ಕಿತ್ತುಕೊಂಡಿತು. ಹಾಲಿನಲ್ಲಿ ಈ ಹಸು ಸೀಮೆಹಸುವಿಗೆ ಸಮನಲ್ಲ. ಉಪಯೋಗದಿಂದ ಹುಟ್ಟಿದ ತಳಿ ಉಪಯೋಗ ತಪ್ಪಿದ ಮೇಲೆ ಯಾವುದರ ಬಲದಿಂದ ನಿಲ್ಲಬೇಕು? ನನಗೆ ತೋರುವ ಉತ್ತರ ಇದು: ಕಾವಲನ್ನು ಕಾವಲಾಗಿ ಇಡುವ ಕೆಲಸವೇ ಈ ಹಸುವಿನ ಹೊಸ ಉದ್ಯೋಗ. ಬರದಲ್ಲಿಯೂ ಒಣಹುಲ್ಲಿನಲ್ಲಿಯೂ ಬಾಳಿ, ಮೈಲುಗಟ್ಟಲೆ ನಡೆಯುತ್ತ ಮೇದು, ಕೃಷ್ಣಮೃಗಕ್ಕೆ ಬೇಕಾದ ಕುಳ್ಳುಹುಲ್ಲನ್ನು ಸಿದ್ಧಪಡಿಸಬಲ್ಲ ಪ್ರಾಣಿ ಇದಕ್ಕಿಂತ ತಕ್ಕದ್ದು ಎಲ್ಲಿದೆ? ಅರಣ್ಯ ಇಲಾಖೆ ಮೃಗವನ್ನೂ ಪಶು ಇಲಾಖೆ ಹಸುವನ್ನೂ ಬೇರೆಬೇರೆ ಕಡತಗಳಲ್ಲಿ ಕಾಯುವಷ್ಟು ಕಾಲ ಈ ಸರಳಸತ್ಯ ಇಬ್ಬರ ಕಣ್ಣಿಗೂ ಬೀಳದು.

ಸುತ್ತಲಿನ ಊರುಗಳವರ ಮಾತು ಉಳಿಯಿತು. ಮೃಗದ ಹಿಂಡು ಒಂದು ರಾತ್ರಿ ರಾಗಿಯ ಪೈರಿಗೆ ನುಗ್ಗಿದರೆ ಸಣ್ಣ ಹಿಡುವಳಿಯವನಿಗೆ ಆಗುವ ನಷ್ಟ ಅವನೊಬ್ಬನೇ ಹೊರಬೇಕಾದದ್ದಲ್ಲ. ಪರಿಹಾರ ತಡವಾದರೆ ಅದು ಪರಿಹಾರವೆನಿಸಿಕೊಳ್ಳದು. ಹಟ್ಟಿಯ ಗೊಲ್ಲರಿಗೂ ಕುರುಬರಿಗೂ ಕಾವಲು ಬರಗಾಲದ ಕೊನೆಯ ಮೇವಿನ ತಾಣ. ಅವರನ್ನು ಕಳ್ಳರಂತೆ ಅಟ್ಟಿದರೆ ಅವರು ಕಳ್ಳತನದಲ್ಲಿಯೇ ಮೇಯಿಸುವರು. ಸರದಿಯಲ್ಲಿ ಅವರ ಪಾಲನ್ನು ಬರೆದು ಕೊಟ್ಟರೆ ಹುಲ್ಲಿಗೆ ಅವರಿಗಿಂತ ಒಳ್ಳೆಯ ಕಾವಲುಗಾರರು ಸಿಕ್ಕಲಾರರು. ಯಾವ ದಿಣ್ಣೆಯಲ್ಲಿ ಯಾವ ಹುಲ್ಲು ಮೊದಲು ಮಾಗುವುದು, ಯಾವ ಹಳ್ಳದ ಬದುವಿನಲ್ಲಿ ತೋಳ ಮರಿಹಾಕಿದೆ, ಯಾವ ವರ್ಷ ಕರಡ ಚೆನ್ನಾಗಿ ಬಂದಿತ್ತು ಎಂಬುದೆಲ್ಲ ಅವರಿಗೆ ಬಾಯಿಪಾಠ.

ಮುಂಗಾರಿನ ಮೊದಲ ಹದಮಳೆಯಾಗಿ ಹದಿನೈದು ದಿನಕ್ಕೆ ಕಾವಲಿನ ಕಂದುಬಣ್ಣದಡಿಯಿಂದ ಹಸುರು ಇಣುಕುತ್ತದೆ. ಆಗ ಮುಂಜಾವದಲ್ಲಿ ಹೋಗಿ ದಿಣ್ಣೆಯ ಮೇಲೆ ನಿಂತರೆ, ಇಳಿಜಾರಿನ ಒಂದು ಮಗ್ಗುಲಲ್ಲಿ ನೀಳಕೊಂಬಿನ ಬೂದುಬಣ್ಣದ ಹಸುಗಳೂ ಕೂಗಳತೆಯ ದೂರದಲ್ಲಿ ಕೃಷ್ಣಮೃಗದ ಗುಂಪೂ ಒಂದನ್ನೊಂದು ಲೆಕ್ಕಿಸದೆ ತಲೆತಗ್ಗಿಸಿ ಮೇಯುತ್ತಿರುವುದನ್ನು ಕಾಣಬಹುದು. ದನಗಾಹಿ ಕೋಲಿನ ಮೇಲೆ ಗದ್ದವೂರಿ ನಿಂತಿರುತ್ತಾನೆ. ಅವನ ಹಿಂದಿನ ಪಟ್ಟಿಯಲ್ಲಿ ಮಾತ್ರ, ಹೋದ ಸಾಲಿನ ತೆನೆಯಿಂದ ಉದುರಿದ ಬೀಜ ಮೊಳೆಯಲೆಂದು, ಹಿಂಡನ್ನು ಅವನು ಇನ್ನೂ ಬಿಟ್ಟಿರುವುದಿಲ್ಲ.